ಒಸಾಕಾದ ಒಣಮೀನಿನಂಗಡಿಯಲ್ಲಿ ಒಂದು ‘ತೂಕ’

ಕಾವೂರು, ಹೊರಡುವ ಮೊದಲು

“ಪಪ್ಪ, ಈ ಸಲ ನೀವು ಬರ್ಲೇಬೇಕು, ನಾನು ಟಿಕೇಟು ಮಾಡ್ತೇನೆ” ಎಂದು ಅನ್ವಿತಾ ಒಸಾಕಾದಿಂದ ಫೋನು ಮಾಡಿದಾಗ ನನ್ನ ತಮ್ಮ ದಿನಕರ ಟಿ.ವಿ.ಯಿಂದ ಕಣ್ಣು ತೆಗೆಯದೆ “ತೂಕ” ಎಂದ. ಹಾಗಾಗಿ ಜಪಾನಿಗೆ ಹೋದದ್ದು ನಾನು.

ಘಟ್ಟದ ಮೇಲಿನ ಓದುಗರಿಗೆ ಇಲ್ಲೊಂದು ವಿವರಣೆ ಬೇಕಾದೀತು. ಕನ್ನಡದಲ್ಲಿ ತೂಕ ಎಂದರೆ ಭಾರ. ನಮ್ಮ ತುಳುವಿನಲ್ಲಿ ತೂಕ ಎಂದರೆ ‘ನೋಡುವ’. ಮದುವೆಗೆ ಕರೆಯಲು ಬಂದ ದೂರದ ನೆಂಟರಿಗೆ, ಇನ್ಶೂರೆನ್ಸ್ ಮಾಡಿಸಿ ಎಂದು ಬಂದ ಪರಿಚಯದವರಿಗೆ ನಾವು ಮುಖ ನೋಡಿ ಇಲ್ಲ ಎನ್ನುವುದಿಲ್ಲ. ಚಹಾ ಕೊಟ್ಟು, ಕುಶಾಲು ಮಾತಾಡಿ, ಗೇಟಿನ ತನಕ ಬಂದು ‘ತೂಕ’ ಎನ್ನುತ್ತೇವೆ. ಬಂದವರಿಗೂ ಅರ್ಥವಾಗುತ್ತದೆ, ಅವರು ಮತ್ತೆ ಬರುವುದಿಲ್ಲ. ನಿವೃತ್ತಿಯ ತನಕ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಇಷ್ಟು ಹಗುರವಾದ ನಿರಾಕರಣೆಗೆ ತೂಕ ಎಂಬ ಹೆಸರಿರುವುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ.

ದಿನಕರ ಬಹಳ ವರ್ಷ ಗಲ್ಫಿನಲ್ಲಿದ್ದು ಬಂದು ಕಾವೂರಿನ ಕೆರೆಯ ಹತ್ತಿರ ಫ್ಲಾಟು ತೆಗೆದುಕೊಂಡವನು. ಇನ್ನು ವಿಮಾನ ಹತ್ತುವುದಿಲ್ಲ ಎಂದು ತೀರ್ಮಾನ ಮಾಡಿದ್ದಾನೆ. ಅವನ ಹೆಂಡತಿ ಸುಮತಿ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಸಿಕ್ಕಿದ ರಜೆಯಲ್ಲಿ ಒಮ್ಮೆ ಮಗಳನ್ನು ನೋಡಿ ಬಂದಿದ್ದಾಳೆ. ಇವನು ಮಾತ್ರ ಕದಲಿದವನಲ್ಲ. ವಿಮಾನದ ನೆಪದ ಹಿಂದೆ ಇನ್ನೊಂದು ಕಾರಣ ಉಂಟೆಂದು ನನಗೆ ಗೊತ್ತು. ಮಗಳು ವಿಡಿಯೋ ಗೇಮಿಗೆ ಬೀದಿಗಳನ್ನು ಮಾಡುತ್ತಾಳೆ ಎಂಬುದನ್ನು ಅವನು ಇನ್ನೂ ಕೆಲಸದ ಲೆಕ್ಕಕ್ಕೆ ಸೇರಿಸಿಲ್ಲ.

“ಇರುವ ಬೀದಿಯನ್ನು ಪುನಃ ಮಾಡುವುದು ಎಂತಕ್ಕೆ?” ಎಂದು ನನ್ನನ್ನು ಕೇಳಿದ.

“ನೋಡಿ ಬಂದು ಹೇಳ್ತೇನೆ” ಎಂದೆ. ಮಣ್ಣಗುಡ್ಡದ ನನ್ನ ಮನೆಯ ಕೀಲಿಕೈಯನ್ನು ಅವನ ಕೈಯಲ್ಲಿಟ್ಟು, ಹಲಸಿನ ಹಪ್ಪಳದ ಕಟ್ಟೊಂದನ್ನು ಬಟ್ಟೆಯ ನಡುವೆ ತುರುಕಿ ಹೊರಟೆ.

ಒಸಾಕಾ: ಬಾಗಿಲ ಬಳಿಯ ಚಪ್ಪಲಿ

ನಮ್ಮ ವಿಮಾನ ಗುಡ್ಡದ ನೆತ್ತಿಯಿಂದ ಹಾರುತ್ತದೆ. ಅವರದ್ದು ಕಡಲಿಗೆ ಮಣ್ಣು ತುಂಬಿಸಿ ಮಾಡಿದ ಜಾಗದ ಮೇಲೆ ಇಳಿಯುತ್ತದೆ. ಎರಡು ಕಡೆಯೂ ದೇವರನ್ನು ನೆನೆಯುವ ಕೆಲಸ ತಪ್ಪುವುದಿಲ್ಲ.

ರೈಲು ನಿಲ್ದಾಣದ ಎಸ್ಕಲೇಟರಿನಲ್ಲಿ ನಾನು ಎಡಗಡೆ ನಿಂತು ಬ್ಯಾಗನ್ನು ಪಕ್ಕದಲ್ಲಿಟ್ಟುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಹಿಂದೆ ನೋಡಿದರೆ ಉದ್ದದ ಸಾಲು. ಯಾರೂ ಒಂದು ಶಬ್ದ ಆಡಲಿಲ್ಲ, ಕೆಮ್ಮಲೂ ಇಲ್ಲ. ಒಸಾಕಾದಲ್ಲಿ ಬಲಗಡೆ ನಿಲ್ಲಬೇಕು, ಎಡಗಡೆ ಅವಸರದವರಿಗೆ ಬಿಡಬೇಕು ಎಂದು ಅನ್ವಿತಾ ಮೇಲೆ ಮುಟ್ಟಿದ ಮೇಲೆ ಹೇಳಿದಳು. ನಮ್ಮ ಪೇಟೆಯ ಹಂಪನಕಟ್ಟೆಯಲ್ಲಾಗಿದ್ದರೆ ಯಾರಾದರೂ “ಎಂತ ಅಕ್ಕ, ಇಲ್ಲೇ ಮನೆ ಮಾಡ್ತೀರಾ?” ಎಂದು ಕೇಳುತ್ತಿದ್ದರು, ನಾನೂ ಕೂಡಲೇ ಸರಿಯುತ್ತಿದ್ದೆ. ಮೌನದಿಂದ ಬೈಸಿಕೊಳ್ಳುವುದು ನನಗೆ ಅಭ್ಯಾಸವಿಲ್ಲ.

ನಿಲ್ದಾಣದ ಹೊರಗೆ ಒಂದು ಅಂಗಡಿಯ ಬಾಗಿಲಲ್ಲಿ ಹೆಣ್ಣು ದನಿಯೊಂದು ಇಂಪಾಗಿ ಸ್ವಾಗತಿಸಿತು. ನಾನೂ ನಿಂತು ತಲೆಬಾಗಿ ಕೈಮುಗಿದೆ. ಅದು ಯಂತ್ರ. ಅನ್ವಿತಾ ನಗು ತಡೆಯಲಾರದೆ ಪಕ್ಕದ ಬ್ರೆಡ್ಡಿನಂಗಡಿಗೆ ನುಗ್ಗಿದಳು. ಅಲ್ಲಿ ಬ್ರೆಡ್ಡಿಗೆ ‘ಪಾನ್’ ಎನ್ನುತ್ತಾರೆ. ನಮ್ಮ ಪಕ್ಕದ ಮನೆಯ ಕ್ರಿಶ್ಚನ್ನರು ಕೊಂಕಣಿಯಲ್ಲಿ ‘ಪಾಂವ್’ ಎನ್ನುವುದು ನೆನಪಾಯಿತು. ಎರಡು ಊರಿಗೂ ಪೋರ್ಚುಗೀಸರೇ ಕೊಟ್ಟು ಹೋದ ಮಾತಂತೆ.

ಅನ್ವಿತಾಳ ಮನೆ ಎಂದರೆ ಒಂದು ಕೋಣೆ, ಅದಕ್ಕೆ ತಾಗಿ ಅಡುಗೆಗೆ ಒಂದು ಮೂಲೆ. ಬಾಗಿಲು ದಾಟಿದ ಕೂಡಲೇ ಕಾಲಿಗೆ ಸಿಗುವಲ್ಲಿ ಮನೆಯೊಳಗೆ ಹಾಕುವ ಚಪ್ಪಲಿಗಳನ್ನು ಸಾಲಾಗಿ ಇಟ್ಟಿದ್ದಳು. ಅವಳದೊಂದು ಜೊತೆ, ನನಗೊಂದು ಜೊತೆ. ಕೊನೆಯಲ್ಲಿ ದೊಡ್ಡ ಗಾತ್ರದ ಕಂದು ಜೊತೆ, ಹೊಸತು, ದಾರ ಕೂಡ ಬಿಚ್ಚಿರಲಿಲ್ಲ.

“ಇದು ಯಾರದ್ದು?” ಎಂದು ಕೇಳಿದೆ.

“ಪಪ್ಪನದ್ದು. ಅವರು ಬರುವಾಗ ಬೇಕಲ್ವಾ ಮಾಮಿ.” ತುಳುವಿನಲ್ಲಿ ಸೋದರತ್ತೆಗೆ ಮಾಮಿ ಎನ್ನುತ್ತೇವೆ.

“ಬರ್ತೇನೆ ಅಂತ ಹೇಳಿದ್ದಾನಾ?”

“ತೂಕ ಅಂದಿದ್ದಾರಲ್ಲ. ನೋಡ್ತಾ ಇದ್ದಾರೆ.”

ನಾನು ಅವಳ ಮುಖ ನೋಡಿದೆ. ಅದರಲ್ಲಿ ಕುಶಾಲಿನ ಸುಳಿವು ಇರಲಿಲ್ಲ. ಅಪ್ಪ ಅಮ್ಮ ಗಲ್ಫಿನಲ್ಲಿದ್ದ ಕಾರಣ ಈ ಹುಡುಗಿ ಚಿಕ್ಕವಳಿರುವಾಗಲೇ ಮೈಸೂರಿನ ಹಾಸ್ಟೆಲಿಗೆ ಸೇರಿದವಳು. ಅವಳ ತುಳು ಅಲ್ಲಿಗೇ ನಿಂತಿತ್ತು. ಮಕ್ಕಳಿಗೆ ನಾವು ತೂಕ ಎನ್ನುವುದಿಲ್ಲ. ಅವರಿಗೆ ಇಲ್ಲ ಎಂದರೆ ಇಲ್ಲವೇ. ದೊಡ್ಡವರಾದ ಮೇಲೆ ದೊಡ್ಡವರ ನಡುವೆ ಕುಳಿತು ಕಲಿಯಬೇಕಾದ ಅರ್ಥ ಅದು. ನಾನು ನನ್ನ ಚಪ್ಪಲಿ ಹಾಕಿಕೊಂಡು ಒಳಗೆ ಹೋದೆ.

ಮಾಡಿನ ಕೆಳಗಿನ ಬೀದಿ

ಮಾರನೆಯ ದಿನ ಅವಳು ತನ್ನ ಬೀದಿಯನ್ನು ತೋರಿಸಲು ಕರೆದುಕೊಂಡು ಹೋದಳು. ಇಡೀ ಬೀದಿಗೆ ಎತ್ತರದಲ್ಲಿ ಗಾಜಿನ ಮಾಡು ಹಾಕಿದ್ದಾರೆ. ಮಳೆ ಬಂದರೂ ಕೊಡೆ ಬಿಡಿಸಬೇಕಿಲ್ಲ. ಜೂನಿನಲ್ಲಿ ನಮ್ಮ ಊರಿನ ಅಂಗಡಿ ಸಾಲಿನಲ್ಲಿ ನಡೆದವರಿಗೆ ಈ ಸುಖದ ಬೆಲೆ ಗೊತ್ತು.

ಎರಡೂ ಕಡೆ ಸಣ್ಣ ಸಣ್ಣ ಅಂಗಡಿಗಳು. ಉಪ್ಪಿನಕಾಯಿ, ಚಹಾ ಸೊಪ್ಪು, ಚಾಕು, ಅಜ್ಜಿಯರ ಸ್ವೆಟರು. ಮಾಡಿನಿಂದ ಒಂದು ಬ್ಯಾನರು ತೂಗುತ್ತಿತ್ತು. ಅದರಲ್ಲಿ ಇದೇ ಬೀದಿಯ ಚಿತ್ರ, ಚಿತ್ರದ ನಡುವೆ ಏಪ್ರನ್ ಕಟ್ಟಿ ಮುಷ್ಟಿ ಬಿಗಿದ ಯುವಕ. ಕಾಣೆಯಾದ ಅಣ್ಣನನ್ನು ಹುಡುಕುತ್ತಾ ಒಸಾಕಾಕ್ಕೆ ಬಂದ ಅಡುಗೆಯವನಂತೆ, ಇನ್ನೂ ಬರಲಿರುವ ಅವಳ ಆಟದ ನಾಯಕ. ಬೀದಿ ಬೀದಿ ತಿರುಗುತ್ತಾನೆ, ಸಿಕ್ಕಿದಲ್ಲಿ ತಿನ್ನುತ್ತಾನೆ, ನಡುನಡುವೆ ಹೊಡೆದಾಡುತ್ತಾನೆ. ಬ್ಯಾನರು ಕಟ್ಟಿಸಿದ್ದು ಆಟದ ಕಂಪೆನಿಯಲ್ಲ, ಬೀದಿಯ ವರ್ತಕರ ಸಂಘ. ಆಟ ಆಡಿದವರು ಊರು ನೋಡಲು ಬರುತ್ತಾರೆ, ಬಂದವರು ಏನಾದರೂ ಕೊಳ್ಳುತ್ತಾರೆ ಎಂಬ ಲೆಕ್ಕ.

ಲೆಕ್ಕ ಸುಳ್ಳೇನಲ್ಲ. ಹಿಂದಿನ ಆಟದಲ್ಲಿ ಬಂದ ಪಕ್ಕದ ಓಣಿಯಲ್ಲಿ ಕೆಲವರು ಚರಂಡಿಯ ಮುಚ್ಚಳದ ಸುತ್ತ ಕುಳಿತು ಫೋಟೋ ತೆಗೆಯುತ್ತಿದ್ದರು. ಆಟದಲ್ಲಿ ಆ ಮುಚ್ಚಳದ ಮೇಲೆ ಏನೋ ದೊಡ್ಡ ಘಟನೆ ನಡೆಯುತ್ತದಂತೆ. ಒಬ್ಬಾಕೆ ಅದನ್ನು ಮುಟ್ಟಿ ಕಣ್ಣು ಮುಚ್ಚಿಕೊಂಡದ್ದನ್ನೂ ನೋಡಿದೆ. ನಮ್ಮಲ್ಲಿ ಚರಂಡಿಗೆ ಮುಚ್ಚಳ ಇದ್ದರೆ ಅದೇ ದೊಡ್ಡ ಘಟನೆ.

ಅಂಗಡಿಯವರಿಗೆ ಅನ್ವಿತಾಳ ಪರಿಚಯ ಚೆನ್ನಾಗಿ ಇತ್ತು. ಚಹಾದಂಗಡಿಯವರು ಓಡಿ ಬಂದು ಏನೋ ಹೇಳಿದರು.

“ಅವರ ಬೋರ್ಡನ್ನು ಆಟದಲ್ಲಿ ಸ್ವಲ್ಪ ದೊಡ್ಡ ಮಾಡ್ಬೇಕಂತೆ” ಎಂದು ಅವಳು ತುಳುವಿನಲ್ಲಿ ತಿಳಿಸಿದಳು. “ಉಪ್ಪಿನಕಾಯಿಯವರು ಹೊಸ ಪರದೆ ಹಾಕಿದ ಮೇಲೆ ಫೋಟೋ ತೆಗೀಬೇಕು ಅಂತಾರೆ. ಕ್ಷೌರದಂಗಡಿಯವರಿಗೆ ಬಾಗಿಲಿನ ಬಣ್ಣದ ಪಟ್ಟೆಯ ಕಂಬ ತಿರುಗ್ತಾ ಇರ್ಬೇಕು.”

ನಮ್ಮ ರಥಬೀದಿಯಲ್ಲಿ ಇಂಥದ್ದು ನಡೆದರೆ ಬೋರ್ಡಿನ ಅಳತೆಗಿಂತ ಅದರ ಮೇಲೆ ಯಾರ ಫೋಟೋ ಬರಬೇಕು ಎಂಬುದರಲ್ಲಿ ಆರು ತಿಂಗಳು ಹೋಗುತ್ತಿತ್ತು.

ಅವಳ ಮೇಜು

ಸಂಜೆ ಅವಳು ಮನೆಯಲ್ಲೇ ಕಂಪ್ಯೂಟರು ತೆರೆದು ಅದೇ ಬೀದಿಯನ್ನು ತೋರಿಸಿದಳು. ಬೆಳಿಗ್ಗೆ ನಾನು ನಡೆದ ಬೀದಿ, ಜನರಿಲ್ಲದೆ. ಮಾಡಿನ ಗಾಜಿನ ಮೇಲೆ ಕಾಗೆ ಹಿಕ್ಕೆ ಕೂಡ ಇದ್ದ ಜಾಗದಲ್ಲೇ ಇತ್ತು.

“ಸರಿಯಾಗಿ ನೋಡಿ, ವ್ಯತ್ಯಾಸ ಉಂಟು” ಎಂದಳು.

ಬೀದಿ ಗಿಡ್ಡವಾಗಿತ್ತು. ನಿಜವಾದ ಉದ್ದ ಇಟ್ಟರೆ ಆಡುವವರಿಗೆ ನಡೆದು ಬೇಜಾರು ಬರುತ್ತದಂತೆ. ಹಾಗಾಗಿ ನಡುವಿನ ಕೆಲವು ಅಂಗಡಿಗಳನ್ನು ತೆಗೆದು ಬೀದಿಯನ್ನು ಮಡಚಿದ್ದಾರೆ. ನಿಜವಾದ ಬೀದಿಯಲ್ಲಿ ಇಲ್ಲದ ಕಸ ಇಲ್ಲಿತ್ತು, ಮುರಿದ ಕೊಡೆ, ಖಾಲಿ ಡಬ್ಬ. ಅಷ್ಟು ಸ್ವಚ್ಛವಾಗಿಟ್ಟರೆ ಯಾರೂ ನಂಬುವುದಿಲ್ಲವಂತೆ. ಊರನ್ನು ಊರಿನ ಹಾಗೆ ಕಾಣಿಸಲು ಹೀಗೆ ಸುಳ್ಳು ಹೇಳಬೇಕಾಗುತ್ತದೆ ಎಂಬುದು ಕನ್ನಡ ಮೇಷ್ಟ್ರುಗಿರಿ ಮಾಡಿದ ನನಗೆ ಹೊಸ ವಿಷಯವಲ್ಲ. ಪದ್ಯ ಬರೆಯುವವರು ಮಾಡುವುದೂ ಇದನ್ನೇ.

ಅಂಗಡಿಗಳ ಹೆಸರಿನದ್ದು ಇನ್ನೊಂದು ಶಿಸ್ತು. ಒಪ್ಪಿದವರ ಅಂಗಡಿ ಅವರದೇ ಹೆಸರು, ಅವರದೇ ಬೋರ್ಡಿನೊಂದಿಗೆ ಬರುತ್ತದೆ. ಅದು ಅವರಿಗೆ ಜಾಹೀರಾತು. ಒಪ್ಪದವರ ಜಾಗದಲ್ಲಿ ಎಲ್ಲೂ ಇಲ್ಲದ ಒಂದು ಅಂಗಡಿಯನ್ನು ಕಟ್ಟಿ ನಿಲ್ಲಿಸುತ್ತಾರೆ.

ಆಟದ ರಿಮೋಟನ್ನು ನನ್ನ ಕೈಗೆ ಕೊಟ್ಟಳು. ಅಡುಗೆಯವನನ್ನು ನಡೆಸಲು ಹೋಗಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ. ಅವನು ಗೋಡೆಯ ಎದುರು ನಿಂತಲ್ಲೇ ನಡೆಯುತ್ತಾ ಇದ್ದ, ಪಾಪ. ಅನ್ವಿತಾ ಅವನನ್ನು ಬಿಡಿಸಿ ಬೀದಿಯ ಕೊನೆಯ ಅಂಗಡಿಯ ಮುಂದೆ ತಂದು ನಿಲ್ಲಿಸಿದಳು. ಮರದ ಬೋರ್ಡು, ಅಕ್ಷರಗಳ ಬಣ್ಣ ಅರ್ಧ ಎದ್ದಿದೆ. ಒಳಗೆ ಮರದ ಕೊರಡಿನಂಥ ಒಣಮೀನುಗಳ ರಾಶಿ, ತಕ್ಕಡಿ, ಗೋಡೆಯಲ್ಲಿ ಹಳೆಯ ಗಡಿಯಾರ. ಉಳಿದ ಅಂಗಡಿಗಳನ್ನು ಚೆನ್ನಾಗಿ ಮಾಡಿದ್ದಳು. ಇದನ್ನು ಪ್ರೀತಿಯಿಂದ ಮಾಡಿದ್ದಳು, ನೋಡಿದರೆ ಗೊತ್ತಾಗುತ್ತಿತ್ತು.

“ಇದೊಂದಕ್ಕೆ ಒಪ್ಪಿಗೆ ಬರ್ಲಿಕ್ಕೆ ಉಂಟು ಮಾಮಿ. ಆಫೀಸಿನಲ್ಲಿ ಈ ವಾರದ ತನಕ ಕಾಯ್ತೇವೆ ಅಂದಿದ್ದಾರೆ. ಇಲ್ಲದಿದ್ರೆ ಇಡೀ ಅಂಗಡಿಯನ್ನೇ ಅಳಿಸ್ಬೇಕು.”

“ಅಳಿಸಿದ್ರೆ ನಿನಗೆ ಕಷ್ಟವಾ?”

“ಇಷ್ಟು ದಿನ ಬೇರೆಯವರ ಬೀದಿಗೆ ಕಿಟಕಿ, ವಯರು ಮಾಡ್ತಿದ್ದೆ. ಒಂದು ಇಡೀ ಬೀದಿ ನನ್ನ ಕೈಗೆ ಬಂದದ್ದು ಇದೇ ಮೊದಲು. ಇದನ್ನು ನೋಡಿಯೇ ಇನ್ನೊಂದು ಕೊಡುವುದಾ ಬೇಡವಾ ಅಂತ ತೀರ್ಮಾನ ಮಾಡ್ತಾರೆ.” ಪರದೆಯ ಮೇಲಿನ ಮರದ ಬೋರ್ಡನ್ನು ಬೆರಳಿನಿಂದ ಮುಟ್ಟಿದಳು. “ಆಗ್ತದೆ. ಅವರು ಇಲ್ಲ ಅನ್ಲಿಲ್ಲ.”

ಒಣಮೀನಿನಂಗಡಿ

ಆ ಅಂಗಡಿಗೆ ಹೋಗುವಾಗ ದಾರಿ ತೋರಿಸಲು ಯಾರೂ ಬೇಕಿರಲಿಲ್ಲ, ಮೂಗು ಸಾಕಿತ್ತು. ನಮ್ಮ ಒಣಮೀನಿನ ವಾಸನೆಯ ಹತ್ತಿರದ ಬಂಧು, ಆದರೆ ಸ್ವಲ್ಪ ಹೊಗೆಯ ಕಡೆಗೆ. ಇಂಗ್ಲಿಷಿನಲ್ಲಿ ಟ್ಯೂನಾ ಎನ್ನುವ ನಮ್ಮ ಕೇದರ ಮೀನಿನ ಜಾತಿಯದ್ದನ್ನು ಬೇಯಿಸಿ, ಹೊಗೆ ಹಾಕಿ, ತಿಂಗಳುಗಟ್ಟಲೆ ಒಣಗಿಸಿ ಕಲ್ಲಿನ ಹಾಗೆ ಮಾಡುತ್ತಾರೆ. ಆಮೇಲೆ ಬಡಗಿಯ ಉಳಿಯಂಥದ್ದರಲ್ಲಿ ತೆಳ್ಳಗೆ ಕೆತ್ತಿ ಸಾರಿಗೆ ಹಾಕುತ್ತಾರೆ.

ಅಂಗಡಿಯಾಕೆಗೆ ನನಗಿಂತ ಹೆಚ್ಚು ವಯಸ್ಸು. ಬೆನ್ನು ಬಾಗಿತ್ತು, ಕಣ್ಣು ಚುರುಕಾಗಿತ್ತು. ಅನ್ವಿತಾ ನನ್ನ ಪರಿಚಯ ಮಾಡಿದಳು. ಆಕೆ ನನ್ನ ಅಂಗೈಯಲ್ಲಿ ಕೆತ್ತಿದ ಮೀನಿನ ನಾಲ್ಕು ಎಸಳು ಇಟ್ಟರು. ಬಾಯಲ್ಲಿ ಹಾಕಿದರೆ ಕರಗಿತು. ನಾನು ಎರಡೂ ಕಣ್ಣು ಅಗಲಿಸಿದೆ. ಆಕೆಗೆ ಅಷ್ಟು ಸಾಕಾಯಿತು, ಸ್ಟೂಲು ಎಳೆದು ಕೂರಿಸಿ ಚಹಾ ತಂದರು.

ಬೆಂಗಳೂರಿನಲ್ಲಿ ಓದುತ್ತಿದ್ದಾಗಲೇ ಜಪಾನಿ ಕಲಿತ ಅನ್ವಿತಾ ಶುದ್ಧವಾಗಿ, ಪುಸ್ತಕದ ಹಾಗೆ ಮಾತಾಡುತ್ತಾಳೆ ಎಂದು ಧಾಟಿಯಲ್ಲೇ ತಿಳಿಯುತ್ತಿತ್ತು. ಆಕೆಯದು ಎಳೆದೆಳೆದು ಆಡುವ ಊರ ಮಾತು. ಚಹಾ ಮುಗಿದ ಮೇಲೆ ಅನ್ವಿತಾ ವಿಷಯ ಎತ್ತಿದಳು. ಆಕೆ ನಕ್ಕರು. ಹವೆಯ ಬಗ್ಗೆ ಏನೋ ಹೇಳಿದರು, ನನ್ನ ಸೀರೆಯ ಸೆರಗು ಮುಟ್ಟಿ ನೋಡಿದರು, ಏಪ್ರನ್ನಿನ ಜೇಬಿನಿಂದ ಬಣ್ಣದ ಕಾಗದ ಸುತ್ತಿದ ಪೆಪ್ಪರಮೆಂಟು ತೆಗೆದು ಇಬ್ಬರ ಕೈಗೂ ಒತ್ತಿದರು. ಆಮೇಲೆ ಅಂಗಡಿಯಿಂದ ಇಳಿದು, ನಾಲ್ಕು ಅಂಗಡಿ ದಾಟುವ ತನಕ ನಮ್ಮ ಜೊತೆ ಬಂದು, ಬಾಗಿ, “ಕಂಗಾಯೆತೊಕು ವಾ” ಎಂದರು.

“ಎಂತ ಹೇಳಿದ್ರು?”

“ಯೋಚನೆ ಮಾಡಿ ಇಡ್ತೇನೆ ಅಂತ. ಪ್ರತಿ ಸಲ ಹಾಗೇ ಹೇಳುವುದು ಅವರು. ಆಫೀಸಿನಲ್ಲೂ ಹೇಳಿದ್ದೇನೆ, ಅವರು ಯೋಚನೆ ಮಾಡ್ತಿದ್ದಾರೆ ಅಂತ.”

“ಆಫೀಸಿನಲ್ಲಿ ಈ ಊರಿನವರು ಇದ್ದಾರಾ?”

“ಇಲ್ಲ, ನಮ್ಮ ಟೀಮಿನವರೆಲ್ಲ ತೋಕಿಯೋ ಕಡೆಯವರು. ಎಂತಕ್ಕೆ?”

ಎಂತಕ್ಕೂ ಇಲ್ಲ ಎಂದೆ. ಪೆಪ್ಪರಮೆಂಟು ಬಾಯಿಗೆ ಹಾಕಿಕೊಂಡೆ. ಚಹಾ, ಕುಶಾಲು, ಗೇಟಿನ ತನಕ ಬರುವುದು. ಜಪಾನಿ ಭಾಷೆಯ ಒಂದಕ್ಷರ ನನಗೆ ತಿಳಿಯದು. ಆದರೆ ಆಕೆ ಆಡಿದ ಮಾತು ನನಗೆ ಹುಟ್ಟಿದಂದಿನಿಂದ ಗೊತ್ತಿತ್ತು.

ನಾರಾ

ರಜಾ ದಿನ ಅನ್ವಿತಾ ಪಕ್ಕದ ನಾರಾ ಊರಿಗೆ ಕರೆದುಕೊಂಡು ಹೋದಳು. ಅಲ್ಲಿ ದೇವಸ್ಥಾನದ ಸುತ್ತ ಜಿಂಕೆಗಳು ನಮ್ಮ ಪೇಟೆಯ ದನಗಳ ಹಾಗೆ ತಿರುಗುತ್ತವೆ. ಒಂದೇ ವ್ಯತ್ಯಾಸವೆಂದರೆ ಬಿಸ್ಕತ್ತು ಬೇಕಿದ್ದರೆ ತಲೆಬಾಗಿ ನಮಸ್ಕಾರ ಮಾಡುತ್ತವೆ. ಒಂದು ಜಿಂಕೆ ಬಹಳ ವಿನಯದಿಂದ ನಮಸ್ಕರಿಸಿತು. ನಾನು ಬಿಸ್ಕತ್ತು ತೆಗೆಯುವಷ್ಟರಲ್ಲಿ ಬ್ಯಾಗಿನಿಂದ ಇಣುಕುತ್ತಿದ್ದ ಕಾಗದವನ್ನು ಎಳೆದು ಅಗಿಯಲು ಸುರು ಮಾಡಿತು. ವರ್ತಕರ ಸಂಘದವರು ಕೊಟ್ಟ, ಆಟದ ಬೀದಿಯ ಬಣ್ಣದ ಜಾಹೀರಾತು ಅದು. ಚಹಾದಂಗಡಿ, ಕ್ಷೌರದಂಗಡಿ ಎಲ್ಲ ಜಿಂಕೆಯ ಹೊಟ್ಟೆಗೆ ಹೋದವು.

ವಾಪಸು ಬರುವ ರೈಲಿನಲ್ಲಿ ಅನ್ವಿತಾ, “ನಾಳೆ ಒಮ್ಮೆ ಹೋಗಿ ಕೇಳುವ ಮಾಮಿ. ನಿಮ್ಮನ್ನು ನೋಡಿ ಅವರಿಗೆ ಖುಷಿಯಾಗಿದೆ, ನಾಳೆ ಖಂಡಿತ ಒಪ್ಪಿಗೆ ಕೊಡ್ತಾರೆ” ಎಂದಳು.

ಇನ್ನು ಸುಮ್ಮನಿರುವುದು ಸರಿಯಲ್ಲ ಎಂದು ನನಗನ್ನಿಸಿತು.

“ಅನ್ವೀ, ಅವರು ಕೊಡುವುದಿಲ್ಲ.”

“ನಿಮಗೆ ಜಪಾನಿ ಬರ್ತದಾ?”

“ಜಪಾನಿ ಬರುವುದಿಲ್ಲ. ತೂಕ ಬರ್ತದೆ. ಅವರು ಹೇಳಿದ್ದು ತೂಕ.”

“ತೂಕ ಅಂದ್ರೆ ನೋಡುವ ಅಂತ. ಇಲ್ಲ ಅಂತ ಅಲ್ಲವಲ್ಲ.”

“ಇಲ್ಲ ಅಂತಲೇ ಮಾರಾಯ್ತಿ. ಮುಖಕ್ಕೆ ಹೇಳ್ಲಿಕ್ಕೆ ಮನಸ್ಸು ಬರುವುದಿಲ್ಲ, ಹಾಗೆ ಹೇಳುವುದು. ಕೊಡುವವರಾಗಿದ್ರೆ ಆ ಚಹಾದವರ ಹಾಗೆ ಕೇಳ್ತಿದ್ರು, ಬೋರ್ಡು ಎಷ್ಟು ದೊಡ್ಡ ಬರ್ತದೆ, ಎಲ್ಲಿ ಸೈನು ಹಾಕ್ಬೇಕು ಅಂತ. ಮನಸ್ಸಿದ್ದವರು ಹಾಗೆಯೇ. ಮನೆಗೆ ಕರೆದರೆ, ಬರುವವರು ಯಾವ ಬಸ್ಸು, ಅಲ್ಲಿ ಮಳೆ ಉಂಟಾ, ಚಳಿ ಉಂಟಾ ಅಂತ ಕೇಳ್ತಾರೆ. ಬರ್ಲಿಕ್ಕಿಲ್ಲದವರು ತೂಕ ಅಂತಾರೆ.”

ಪಾಠ ಮಾಡುವ ಹುಮ್ಮಸ್ಸಿನಲ್ಲಿ ಉದಾಹರಣೆ ಕೊಟ್ಟೆ. ಕೊಟ್ಟ ಮೇಲೆ ನಾನು ಏನು ಹೇಳಿದೆನೆಂದು ನನಗೇ ತಿಳಿಯಿತು. ಅನ್ವಿತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಎರಡು ಸ್ಟೇಷನ್ನು ಹೋದವು.

“ಪಪ್ಪ ಒಮ್ಮೆಯೂ ಕೇಳ್ಲಿಲ್ಲ” ಎಂದಳು. “ಇಲ್ಲಿ ಚಳಿ ಉಂಟಾ ಅಂತ.”

ಅವನಿಗೆ ವಿಮಾನ ಆಗುವುದಿಲ್ಲ ಎನ್ನಬಹುದಿತ್ತು; ಅವಳು ದಡ್ಡಿಯಲ್ಲ. ನನಗೆ ಬಹಳ ಬೇಸರವಾಯಿತು. ತಮ್ಮನ ಮೇಲೆ ಸಿಟ್ಟೂ ಬಂತು. ಮುಖ ಮುರಿಯಬಾರದೆಂದು ನಾವು ಕಟ್ಟಿಕೊಂಡ ಈ ಮರ್ಯಾದೆ, ಅದು ಗೊತ್ತಿಲ್ಲದವರನ್ನು ವರ್ಷಗಟ್ಟಲೆ ಬಾಗಿಲಲ್ಲಿ ಕಾಯಿಸುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಮಾರನೆಯ ದಿನ ಎದ್ದಾಗ ಬಾಗಿಲ ಬಳಿ ಎರಡೇ ಜೊತೆ ಚಪ್ಪಲಿಗಳಿದ್ದವು. ಗೋಡೆಯ ಬದಿಯ ಸಣ್ಣ ತಗಡಿನ ಕಪಾಟಿನೊಳಗೆ ಕಂದು ಜೊತೆಯನ್ನು ಇಟ್ಟು ಬಾಗಿಲು ಹಾಕಿದ್ದಳು. ಆ ಕಪಾಟಿನ ಬಾಗಿಲು ತೆಗೆದು ಹಾಕುವಾಗ ಕಿರ್ರೆನ್ನುತ್ತದೆ. ಬೆಳಗಿನ ಜಾವ ನನಗೆ ಎಚ್ಚರವಾದದ್ದು ಆ ಸದ್ದಿಗೇ ಇರಬೇಕು.

ಮತ್ತೆ ಒಣಮೀನಿನಂಗಡಿ

“ಇವತ್ತು ಅಲ್ಲಿಗೆ ಹೋಗುವ, ಆದ್ರೆ ಒಪ್ಪಿಗೆಯ ಮಾತು ಬೇಡ. ಮೀನು ಕೊಂಡು ಬರುವ” ಎಂದೆ. ಹಪ್ಪಳದ ಕಟ್ಟನ್ನೂ ತೆಗೆದುಕೊಂಡೆ. ನಮ್ಮಲ್ಲಿ ತೂಕ ಎಂದವರ ಮನೆಗೆ ಮತ್ತೆ ಹೋಗುವುದಾದರೆ ಹೀಗೆಯೇ, ಸುಮ್ಮನೆ ಬಂದದ್ದು ಎಂದು.

ಅನ್ವಿತಾ ಮೀನು ಕೇಳಿದಳು. ಆಕೆ ಕೆತ್ತಿ, ತಕ್ಕಡಿಯಲ್ಲಿಟ್ಟು ತೂಗಿದರು. ನಾನು ಹಪ್ಪಳ ಕೊಟ್ಟು, ಎಣ್ಣೆಯಲ್ಲಿ ಕಾಯಿಸಬೇಕೆಂದು ಕೈಸನ್ನೆ ಮಾಡಿದೆ. ಕಾಯಿಸುವ ಸದ್ದನ್ನೂ ಬಾಯಲ್ಲಿ ಮಾಡಿ ತೋರಿಸಿದೆ. ಆಕೆ ಅದನ್ನು ಮೂಸಿ ನೋಡಿ ಹಲಸಿನ ವಾಸನೆಗೆ ಮೂಗು ಹಿಂಡಿದರು. ಆಮೇಲೆ ಅನ್ವಿತಾಳ ಮುಖ ನೋಡಿದರು, ಮಾತು ಬರಬಹುದೆಂದು ಕಾದರು. ಬರಲಿಲ್ಲ. ನಾವು ಎದ್ದೆವು.

ಆಗ ಆಕೆಯೇ ಬಾಗಿಲಿಗೆ ಬಂದು, ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು. ಅನ್ವಿತಾ ತಲೆಯಾಡಿಸುತ್ತಾ ಕೇಳಿ ನನಗೆ ಹೇಳಿದಳು:

“ಅವರಿಗೆ ಬೆನ್ನು ಆಗುವುದಿಲ್ಲವಂತೆ. ಅಂಗಡಿ ಮುಚ್ಲಿಕ್ಕುಂಟು. ಗಿರಾಕಿಗ್ಳಿಗೆ ಇನ್ನೂ ಹೇಳ್ಲಿಲ್ಲ, ಹಾಗಾಗಿ ನನಗೂ ಕಾರಣ ಹೇಳ್ಲಿಕ್ಕೆ ಆಗ್ಲಿಲ್ಲವಂತೆ. ಆಟ ಬಿಡುಗಡೆ ಆಗುವಾಗ ಇಲ್ಲಿ ಅಂಗಡಿಯೇ ಇರುವುದಿಲ್ಲ. ಬೋರ್ಡು ನೋಡಿ ದೂರದಿಂದ ಬಂದವರಿಗೆ ಮೀನು ಸಿಗದಿದ್ರೆ ಅದು ಮೋಸ ಅಂತಾರೆ. ಬೋರ್ಡು ಹಾಕಿದ ಮೇಲೆ ಸಾಮಾನು ಕೊಡ್ಬೇಕು ಅಂತ.”

ಆಟದೊಳಗಿನ ಅಂಗಡಿಯೂ ಆಕೆಗೆ ಅಂಗಡಿಯೇ. ಅದರಲ್ಲೂ ಗಿರಾಕಿಗೆ ಸುಳ್ಳು ಹೇಳಕೂಡದು. ನಾನು ಆಕೆಯನ್ನು ಗೌರವದಿಂದ ನೋಡಿದೆ.

ಅನ್ವಿತಾ ಸೊಂಟ ಬಗ್ಗಿಸಿ ಬಹಳ ಹೊತ್ತು ಬಾಗಿದಳು. ತಲೆ ಎತ್ತಿದಾಗ ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಹಗುರವಾಗಿತ್ತು. ಇಲ್ಲ ಎಂಬುದನ್ನು ಕೊನೆಗೂ ಯಾರೋ ಅವಳಿಗೆ ಇಲ್ಲ ಎಂದೇ ಹೇಳಿದ್ದರು.

ಬೀಳ್ಕೊಡುವಾಗ ಆಕೆ ನನ್ನ ಕೈ ಹಿಡಿದು ಏನೋ ಹೇಳಿದರು. ಮುಂದಿನ ವರ್ಷ ಪುನಃ ಬನ್ನಿ, ಅಂಗಡಿಯ ಮೇಲೆಯೇ ನನ್ನ ಮನೆ ಎಂದರಂತೆ. ನನ್ನ ಬಾಯಿಂದ ತಾನಾಗಿ ಬಂತು: “ತೂಕ.”

ಅದೇನೆಂದು ಆಕೆ ಅನ್ವಿತಾಳನ್ನು ಕೇಳಿದರು. ಅನ್ವಿತಾ ನನ್ನ ಮುಖ ನೋಡಿ, ಆಕೆಯ ಮುಖ ನೋಡಿ, “ಕಂಗಾಯೆತೊಕು ವಾ” ಎಂದಳು. ಈ ಸಲ ಪುಸ್ತಕದ ಹಾಗಲ್ಲ, ಆಕೆಯ ಹಾಗೆಯೇ ಎಳೆದು. ಅಂಗಡಿಯಾಕೆ ಬಾಯಿಗೆ ಏಪ್ರನ್ ಅಡ್ಡ ಹಿಡಿದು, ಬಾಗಿದ ಬೆನ್ನು ಇನ್ನಷ್ಟು ಬಾಗುವ ಹಾಗೆ ನಕ್ಕರು. ಪಕ್ಕದ ಅಂಗಡಿಯವರು ಇಣುಕಿ ನೋಡಿದರು. ನಾವು ಮೂವರೂ ನಗುತ್ತಿದ್ದೆವು.

ನಗು ನಿಂತ ಮೇಲೆ ಅನ್ವಿತಾ ಆಕೆಯ ಹತ್ತಿರ ಇನ್ನೇನನ್ನೋ ಕೇಳಿದಳು. ಆಕೆ ತಲೆಯಾಡಿಸಿದರು. ಈ ಸಲ ಪೆಪ್ಪರಮೆಂಟು ಕೊಡಲಿಲ್ಲ, ನಮ್ಮ ಜೊತೆ ನಡೆದು ಬರಲೂ ಇಲ್ಲ.

“ಎಂತ ಕೇಳಿದೆ?”

“ಹೆಸರು ಬೇಡ, ಬೋರ್ಡು ಬೇಡ, ಒಂದು ಮುಚ್ಚಿದ ಶಟರು ಹಾಕ್ಲಾ ಅಂತ. ಮತ್ತೆ ಒಂದು ಮಾತು ತೆಗೊಳ್ಳಲಾ ಅಂತ” ಎಂದಳು. “ಆಗ್ಬಹುದಂತೆ. ಮಾತು ಊರಿನವರದ್ದಂತೆ, ಅವರದ್ದಲ್ಲ.”

ಪುನಃ ಕಾವೂರು

ಆಟ ಬಂದದ್ದು ಮುಂದಿನ ವರ್ಷ, ಚಳಿಗಾಲದಲ್ಲಿ. ಅನ್ವಿತಾ ಆಟವನ್ನೂ ಅದನ್ನು ಟಿ.ವಿ.ಗೆ ಸಿಕ್ಕಿಸಿ ಆಡುವ ಪೆಟ್ಟಿಗೆಯನ್ನೂ ಅಪ್ಪನ ಮನೆಗೆ ಕಳುಹಿಸಿದಳು. ಅಷ್ಟರಲ್ಲಿ ಅವಳ ಕೈಗೆ ಇನ್ನೊಂದು ಬೀದಿ ಬಂದಿತ್ತು. ಸುಮತಿ ಡ್ಯೂಟಿಗೆ ಹೋಗಿದ್ದಳು. ದಿನಕರ ಲುಂಗಿ ಮಡಚಿ ಕಟ್ಟಿ, ರಿಮೋಟು ಹಿಡಿದು, ನನ್ನನ್ನು ಕರೆಸಿದ್ದ.

“ನೀನು ನಡೆದ ಬೀದಿ ಅಲ್ವಾ ಅಕ್ಕ, ದಾರಿ ಹೇಳು.”

ಅವನೂ ಅಡುಗೆಯವನನ್ನು ಗೋಡೆಗೆ ನುಗ್ಗಿಸಿದ. ನಾನು ಬಿಡಿಸಲು ಕಲಿಸಿದೆ. ಚಹಾದಂಗಡಿ ಬಂತು, ಬೋರ್ಡು ಸ್ವಲ್ಪ ದೊಡ್ಡದೇ ಇತ್ತು. ಕ್ಷೌರದಂಗಡಿಯ ಕಂಬ ತಿರುಗುತ್ತಿತ್ತು. ದಿನಕರ ಮೊದಮೊದಲು “ಹೂಂ, ಹೂಂ” ಎನ್ನುತ್ತಿದ್ದವನು ಬರಬರುತ್ತಾ ಪರದೆಯ ಹತ್ತಿರಕ್ಕೆ ಬಾಗಿದ. ಒಂದು ಕಡೆ ನಿಂತು ಗೋಡೆಯ ಮೇಲಿನ ವಯರುಗಳನ್ನೇ ನೋಡಿದ. ಗಲ್ಫಿನಲ್ಲಿ ಅವನು ಎಲೆಕ್ಟ್ರಿಷಿಯನ್ನು.

“ಕನೆಕ್ಷನ್ನು ಸರಿ ಕೊಟ್ಟಿದ್ದಾಳೆ” ಎಂದ. “ಇದನ್ನೆಲ್ಲ ಅವಳು ಒಬ್ಬಳೇ ಮಾಡಿದ್ದಾ?”

“ಮತ್ತೆ ಯಾರು?”

ಬೀದಿಯ ಕೊನೆಗೆ ಬಂದೆವು. ಮುಚ್ಚಿದ ಶಟರು, ತುಕ್ಕು ಹಿಡಿದ ಅಂಚು. ಎದುರು ನಿಂತರೆ ಒಂದು ಗುಂಡಿ ಒತ್ತಲು ಸೂಚನೆ ಬರುತ್ತದೆ. ದಿನಕರ ಒತ್ತಿದ. ಶಟರಿನ ಹಿಂದಿನಿಂದ ಮುದುಕಿಯ ದನಿಯೊಂದು ಎಳೆದು ಹೇಳಿತು, “ಕಂಗಾಯೆತೊಕು ವಾ.” ಕೆಳಗೆ ಇಂಗ್ಲಿಷಿನಲ್ಲಿ ‘ಯೋಚಿಸುತ್ತೇನೆ’ ಎಂದು ಬಂತು.

“ಓ, ಯೋಚನೆ ಮಾಡ್ತಾರಂತೆ. ಸ್ವಲ್ಪ ಹೊತ್ತು ನಿಂತ್ರೆ ಬಾಗಿಲು ತೆಗೀತಾರಾ?”

“ತೆಗೆಯುವುದಿಲ್ಲ ಮಾರಾಯ. ಅದು ಆ ಊರಿನ ತೂಕ.”

ಅವನು ಪರದೆಯನ್ನೇ ನೋಡಿದ. ಇನ್ನೊಮ್ಮೆ ಒತ್ತಿದ. ಅದೇ ದನಿ, ಅದೇ ಸಾಲು. ಮತ್ತೂ ಒಮ್ಮೆ ಒತ್ತಿದ.

“ಇದನ್ನು ಅವಳೇ ಹಾಕಿದ್ದಾ?”

“ಅವಳೇ.”

“ತೂಕ ಅಂದ್ರೆ ಎಂತ ಅಂತ ಅವಳಿಗೆ ಗೊತ್ತುಂಟಾ?”

“ಮೊದಲು ಗೊತ್ತಿರಲಿಲ್ಲ. ನೀನು ಬರ್ತಿ ಅಂತ ಬಾಗಿಲ ಹತ್ರ ನಿನ್ನ ಅಳತೆಯ ಚಪ್ಪಲಿ ತೆಗೆದಿಟ್ಟಿದ್ದಳು. ಈಗ ಗೊತ್ತುಂಟು. ಚಪ್ಪಲಿಯನ್ನು ಕಪಾಟಿನಲ್ಲಿಟ್ಟಿದ್ದಾಳೆ.”

ದಿನಕರ ರಿಮೋಟನ್ನು ಮೆಲ್ಲನೆ ಮೇಜಿನ ಮೇಲಿಟ್ಟ. ಪರದೆಯಲ್ಲಿ ಅಡುಗೆಯವನು ಶಟರಿನ ಮುಂದೆ ಕೈಕಟ್ಟಿ ನಿಂತುಕೊಂಡಿದ್ದ. ಆಮೇಲೆ ದಿನಕರ ಫೋನು ತೆಗೆದು ಮಗಳಿಗೆ ಮಾಡಿದ, ಅವನ ಅಭ್ಯಾಸದಂತೆ ಸ್ಪೀಕರಿಗೆ ಹಾಕಿ.

“ಪಪ್ಪ? ಬೀದಿ ನೋಡಿದ್ರಾ?”

“ನೋಡಿದೆ. ಒಳ್ಳೆದಾಗಿದೆ. ಊಟ ಆಯ್ತಾ?”

“ಆಯ್ತು.”

ಅವನು ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ, ನನ್ನ ಕಡೆ ನೋಡಲಿಲ್ಲ.

“ಅನ್ವೀ, ಅಲ್ಲಿ ಈಗ ಚಳಿ ಉಂಟಾ?”

ಆ ಕಡೆಯಿಂದ ತಗಡಿನ ಕಪಾಟಿನ ಬಾಗಿಲು ಕಿರ್ರೆಂದದ್ದು ಕೇಳಿಸಿತು.